ಹಯವದನನ ಡಾಟ್ ಆರ್ಗ್ ತಕರಾರು

ಸ್ವೀಡನ್ನಿನ ಉತ್ತರದ ಊರು ಲುಲೆಯೊದ ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆಂದು ಬಂದಿದ್ದ ಹಯವದನನಿಗೆ ನಿಯಮವೆಂದರೆ ಪ್ರಾಣ. ರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲದಿದ್ದರೂ ಸಿಗ್ನಲ್ ಹಸಿರಾಗುವ ತನಕ ಮೈನಸ್ ಇಪ್ಪತ್ತೈದರ ಚಳಿಯಲ್ಲಿ ಕಂಬದ ಹಾಗೆ ನಿಲ್ಲುವ ಆಸಾಮಿ. ಪಕ್ಕದಲ್ಲಿ ಹೆಂಡತಿ ಶೋಭನಾ ಹಲ್ಲು ಕಟಕಟಿಸುತ್ತ ನಿಂತಿರುತ್ತಿದ್ದಳು.

ಎರಡು ಸಾವಿರದ ಎರಡರಲ್ಲಿ ಇಂಟರ್ನೆಟ್ಟಿನಲ್ಲಿ ಒಂದು ಚರ್ಚೆ ಎದ್ದಿತು. ಡಾಟ್ ಆರ್ಗ್ ಎಂದು ಮುಗಿಯುವ ವಿಳಾಸಗಳನ್ನು ಲಾಭದ ಆಸೆಯಿಲ್ಲದ ಸಂಘಗಳಿಗಷ್ಟೇ ಕೊಡಬೇಕೋ, ಕೇಳಿದವರಿಗೆಲ್ಲ ಕೊಡಬೇಕೋ? ಹಯವದನ ಒಂದು ಈಮೇಲ್ ಗುಂಪಿಗೆ ಸೇರಿ ದಿನಕ್ಕೆ ಮೂರು ಪತ್ರ ಜಡಿಯತೊಡಗಿದ. ನೋಂದಣಿ ಇಲ್ಲದವರಿಂದ ವಿಳಾಸ ಕಿತ್ತುಕೊಳ್ಳಬೇಕು ಎಂಬುದು ಅವನ ವಾದ.

ನಾಲ್ಕನೇ ದಿನ ನಾರ್ವೆಯ ಹೆಂಗಸೊಬ್ಬಳು ಒಂದೇ ಸಾಲು ಬರೆದಳು: "ನಿಮ್ಮ ಸಹಿಯ ಕೆಳಗೆ ಲುಲೆಯೊ ಕನ್ನಡ ಕೂಟ ಡಾಟ್ ಆರ್ಗ್ ಅಂತಿದೆಯಲ್ಲ, ಅದು ಎಲ್ಲಿ ನೋಂದಣಿಯಾಗಿದೆ?"

ಹಯವದನನ ಮುಖ ಹುಳ್ಳಗಾಯಿತು. ಕೂಟವೆಂದರೆ ಅವನು, ಶೋಭನಾ ಮತ್ತು ಸಹೋದ್ಯೋಗಿ ವಿಠ್ಠಲ. ಸೈಟಿನಲ್ಲಿದ್ದದ್ದು ಶೋಭನಾಳ ಬಿಸಿಬೇಳೆಬಾತಿನ ವಿಧಾನ, ಜೊತೆಗೆ ಮೂವರೂ ಹಿಮದಲ್ಲಿ ಹೂತುಕೊಂಡು ನಿಂತ ಒಂದು ಫೋಟೋ.

"ವಾಪಸ್ ಕೊಟ್ಬಿಡ್ರೀ. ಕಿತ್ಕೊಳ್ಳಿ ಅಂತ ಕುಣಿದಿದ್ದು ನೀವೇ ತಾನೆ?" ಎಂದಳು ಶೋಭನಾ.

"ಛೆ ಛೆ, ರಿಜಿಸ್ಟರ್ ಮಾಡಿಸೋಣ!"

ನೋಂದಣಿಗೆ ಸ್ವೀಡಿಷ್‌ನಲ್ಲಿ ನಿಯಮಾವಳಿ ಬೇಕು, ಸಭೆ ಸೇರಬೇಕು, ಅಧ್ಯಕ್ಷರನ್ನು ಆರಿಸಬೇಕು. ಸಹಾಯಕ್ಕೆ ಕೆಳಮನೆಯ ನಿವೃತ್ತ ಟೀಚರ್ ಗುನ್ವೋರ್ ಅವರನ್ನು ಕರೆದ. ನಾಲ್ಕು ಸಂಘಗಳಲ್ಲಿ ಪಳಗಿದ ಆಕೆ ಫ್ಲಾಸ್ಕಿನಲ್ಲಿ ಕಾಫಿ, ಕೈಯಲ್ಲೊಂದು ಮರದ ಸುತ್ತಿಗೆ ಹಿಡಿದೇ ಬಂದರು. ಬಂದವರೇ ಮೇಜು ಕುಟ್ಟಿ ಕೇಳಿದರು: "ಅಧ್ಯಕ್ಷರು ಯಾರು?"

ಹಯವದನ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ವಿಠ್ಠಲ ಗುನ್ವೋರ್ ಕಡೆ ಕೈ ತೋರಿಸಿ, "ಇವ್ರೇ ಆಗ್ಲಿ ಬಿಡಿ ಸಾರ್. ನಮಗ್ಯಾರಿಗೆ ಇದೆಲ್ಲಾ ಗೊತ್ತು?" ಎಂದುಬಿಟ್ಟ. ಶೋಭನಾ ಎರಡೂ ಕೈ ಎತ್ತಿದಳು. ಕನ್ನಡ ಕೂಟಕ್ಕೆ ಗುನ್ವೋರ್ ಅಧ್ಯಕ್ಷರಾದರು. ಹಯವದನ ಬರೀ ಸದಸ್ಯ.

ಎರಡು ತಿಂಗಳಿಗೆ ನೋಂದಣಿ ಸಂಖ್ಯೆ ಬಂತು. ಅದನ್ನು ಆ ನಾರ್ವೆಯವಳ ಮುಖಕ್ಕೆ ಹಿಡಿಯೋಣವೆಂದು ಗುಂಪು ತೆರೆದರೆ, ಅಲ್ಲಿ ಚರ್ಚೆಯೇ ಮುಗಿದಿತ್ತು. ಹಳೆಯ ಪದ್ಧತಿಯೇ ಇರಲಿ, ಡಾಟ್ ಆರ್ಗ್ ಯಾರು ಬೇಕಾದರೂ ಇಟ್ಟುಕೊಳ್ಳಲಿ ಎಂದು ತೀರ್ಮಾನವಾಗಿತ್ತು.

"ಹಾಗಾದ್ರೆ ಸಂಘ ಮುಚ್ಚೋಣ," ಎಂದ ಹಯವದನ, ಮುಖ ಇಳಿಬಿಟ್ಟು.

ಗುನ್ವೋರ್ ಕನ್ನಡಕ ಏರಿಸಿ ನಿಯಮಾವಳಿ ತೆರೆದರು. "ಮುಚ್ಚಬೇಕಾದರೆ ಆರು ತಿಂಗಳ ಅಂತರದಲ್ಲಿ ಎರಡು ಸಭೆ ನಡೆಯಬೇಕು. ನಿಯಮ ಅಂದ ಮೇಲೆ ನಿಯಮ."

ಆ ಮಾತಿಗೆ ಹಯವದನ ತಲೆದೂಗಿದ. ಅಷ್ಟೇ ಅಲ್ಲ, ಅವನಿಗೆ ಒಳಗೊಳಗೇ ಖುಷಿಯೂ ಆಯಿತು.

ಮುಂದಿನ ಯುಗಾದಿಗೆ, ನೋಂದಣಿಯಾದ ಸಂಘವೆಂದು ಕೊಮ್ಯೂನಿನವರು, ಅಂದರೆ ಅಲ್ಲಿನ ನಗರಸಭೆಯವರು, ಪುಕ್ಕಟೆ ಹಾಲ್ ಕೊಟ್ಟರು. ಬೇವು ಸಿಗದ ಊರು. ಗುನ್ವೋರ್ ಕಹಿ ಬಾದಾಮಿ ತಂದು ಬೆಲ್ಲದ ಜೊತೆ ತಾವೇ ಕುಟ್ಟಿದರು. ಒಂಬತ್ತು ಜನ ಸೇರಿದ್ದರು, ಕನ್ನಡ ಬರುತ್ತಿದ್ದದ್ದು ಮೂವರಿಗೆ. ಬಿಸಿಬೇಳೆಬಾತು ಮಾತ್ರ ಒಂದಗುಳೂ ಉಳಿಯಲಿಲ್ಲ.