ಹತ್ತು ನಿಮಿಷದ ವಾಯಿದೆ

ಹಳೆಯ ಊರಿನಲ್ಲಿ ಅವರ ಹೆಸರು ಹೇಳಿದರೆ ತಲೆ ಕೆರೆದುಕೊಳ್ಳುವವರೂ ‘ವಾಯಿದೆ ವಕೀಲರು’ ಎಂದರೆ ಸಾಕು, ಮನೆ ಬಾಗಿಲಿನವರೆಗೂ ಬಂದು ಬಿಟ್ಟು ಹೋಗುತ್ತಿದ್ದರು. ಕೇಸು ಗೆಲ್ಲಬೇಕಾದವರು ಬೇರೆ ವಕೀಲರನ್ನು ಹುಡುಕುತ್ತಿದ್ದರು. ಸೋಲುವ ಕೇಸನ್ನು ಸೋಲದ ಹಾಗೆ ಎಳೆಯಬೇಕಾದವರು ಇವರ ಹತ್ತಿರ ಬರುತ್ತಿದ್ದರು. ಇಪ್ಪತ್ತೆರಡು ವರ್ಷ ಅದೇ ಕಸುಬು. ಕಕ್ಷಿದಾರನಿಗೆ ಜ್ವರ, ಸಾಕ್ಷಿಯ ಮನೆಯಲ್ಲಿ ಮದುವೆ, ಸೀನಿಯರ್ ಬೇರೆ ಕೋರ್ಟಿನಲ್ಲಿ. ನ್ಯಾಯಾಧೀಶರು ತಲೆ ಎತ್ತುವ ಮೊದಲೇ ಇವರು ಕೈ ಮುಗಿದಿರುತ್ತಿದ್ದರು. “ಒಂದು ವಾಯಿದೆ ಕೊಡಿ ಸ್ವಾಮಿ.” ಗೆದ್ದವ ಸೋತ, ಸೋತವ ಸತ್ತ ಅಂತಾರಲ್ಲ, ಇವರ ಕಕ್ಷಿದಾರರು ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ, ಆರಾಮಾಗಿದ್ದರು.

ಹೀಗಿರುವಾಗ ಹೆಂಡತಿಗೆ ಹೊರದೇಶದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಇವರೂ ಗಂಟುಮೂಟೆ ಕಟ್ಟಿದರು. ನಲವತ್ತೇಳನೆಯ ವಯಸ್ಸಿನಲ್ಲಿ ಕರಿಕೋಟು ಪೆಟ್ಟಿಗೆ ಸೇರಿತು. ಊರಿನಲ್ಲಿ ಅವಳು ವಕೀಲರ ಹೆಂಡತಿ. ಇಲ್ಲಿ ಇವರು ಲ್ಯಾಬಿನವಳ ಗಂಡ. ಒಂದು ವಕೀಲರ ಕಚೇರಿಯ ನೆಲಮಾಳಿಗೆಯಲ್ಲಿ ಕಾಗದಕ್ಕೆ ತೂತು ಹೊಡೆದು ಫೈಲಿಗೆ ಪೋಣಿಸುವ ಕೆಲಸ. ಇವರ ಅರ್ಧ ವಯಸ್ಸಿನ ವಕೀಲರು ಮೇಲಿನ ಮಹಡಿಯಿಂದ ಫೋನು ಮಾಡಿ “ಆ ಫೈಲು ತನ್ನಿ, ಈ ಫೈಲು ತನ್ನಿ” ಎನ್ನುವಾಗ ಹೊಟ್ಟೆ ಉರಿಯುತ್ತಿತ್ತು.

ಇಲ್ಲಿ ಮತ್ತೆ ವಕೀಲರಾಗಬೇಕಾದರೆ ಮೊದಲು ಬರೆಯುವ ಪರೀಕ್ಷೆ, ಆಮೇಲೆ ನಕಲಿ ಕೋರ್ಟಿನಲ್ಲಿ ನಿಂತು ವಾದಿಸುವ ಪರೀಕ್ಷೆ. ಬರೆದದ್ದು ಒಂದೇ ಏಟಿಗೆ ಪಾಸಾಯಿತು. ವಾದಕ್ಕೆ ಮೂರೇ ಅವಕಾಶ. ಮೊದಲ ಸಲ ಪರೀಕ್ಷಕರು “ಸಿದ್ಧರಿದ್ದೀರಾ?” ಎಂದು ಕೇಳಿ ಮುಗಿಸುವಷ್ಟರಲ್ಲಿ ಇವರ ಬಾಯಿಂದ ಹೊರಬಿತ್ತು: “ನಮ್ಮ ಸೀನಿಯರ್ ಬೇರೆ ಕೋರ್ಟಲ್ಲಿದ್ದಾರೆ ಸ್ವಾಮಿ, ಒಂದು ವಾಯಿದೆ ಕೊಡಿ.” ಯಾವ ಸೀನಿಯರು, ಯಾವ ಕೋರ್ಟು! ಎರಡನೆಯ ಸಲ ಬಾಯಿ ಬಿಗಿಹಿಡಿದು ಅರ್ಧ ದಾರಿ ದಾಟಿದರು. ಒಂದು ಕಷ್ಟದ ಪ್ರಶ್ನೆ ಬಂತು ನೋಡಿ, “ಅದನ್ನ ಮುಂದಿನ ವಾಯಿದೆಗೆ ಹಾಜರು ಮಾಡ್ತೀನಿ” ಎಂದುಬಿಟ್ಟರು. ಫೇಲು. ಹುಟ್ಟುಗುಣ ಸುಟ್ಟರೂ ಹೋಗದಂತೆ. ಇಪ್ಪತ್ತೆರಡು ವರ್ಷ ಅನ್ನ ಹಾಕಿದ ಗುಣ ಸುಲಭಕ್ಕೆ ಹೋದೀತೇ?

ಉಳಿದದ್ದು ಒಂದೇ ಅವಕಾಶ. ಇದೂ ಹೋದರೆ ಸಾಯುವ ತನಕ ಕಾಗದಕ್ಕೆ ತೂತು ಹೊಡೆಯುವುದೇ ಗತಿ.

ಹೆಂಡತಿ ಊಟದ ಮೇಜನ್ನೇ ಕೋರ್ಟು ಮಾಡಿದಳು. ಕೈಯಲ್ಲಿ ಸೌಟು. ಇವರು ‘ವಾ’ ಎಂದರೆ ಸಾಕು, ಅದು ಮೇಜಿನ ಮೇಲೆ ಟಪ್ಪೆಂದು ಬೀಳುತ್ತಿತ್ತು.

“ರೀ, ಮತ್ತೆ ಕೇಳಿದ್ರಿ!”

“ಎಲ್ಲಿ ಕೇಳ್ದೆ? ನೀರು ಕೊಡು ಅನ್ನೋಕೆ ಹೋದೆ ಕಣೇ.”

“ನೀರಿಗೆ ಯಾರಾದ್ರೂ ಕೈ ಮುಗೀತಾರಾ? ನನ್ನಾಣೆ ಇದೆ, ಏನೇ ಆಗ್ಲಿ, ಅಲ್ಲಿ ಟೈಮ್ ಕೇಳ್ಬಾರ್ದು.”

“ಕೇಳಲ್ಲ ತಾಯಿ. ನಾಲಿಗೆ ಕಚ್ಕೊಂಡು ನಿಂತಿರ್ತೀನಿ.”

ಪರೀಕ್ಷೆಯ ದಿನ ಒಂದು ಗಂಟೆ ಮೊದಲು ಫೈಲು ಕೊಟ್ಟರು. ಇವರು ಒಬ್ಬ ಮುದುಕಿಯ ಪರ. ಬಾಡಿಗೆ ಮನೆಯಿಂದ ಮಾಲೀಕ ಅವಳನ್ನು ಹೊರಹಾಕುತ್ತಿದ್ದಾನೆ. ಫೈಲಿನಲ್ಲಿ ಬಾಡಿಗೆ ರಸೀದಿ, ಅವಳ ಆಸ್ಪತ್ರೆಯ ಚೀಟಿ ಎಲ್ಲ ಇತ್ತು. ಅವಳ ಮಾತು ಒಂದೇ: ನನಗೆ ನೋಟಿಸು ಬಂದೇ ಇಲ್ಲ. ಅದರ ಮೇಲೆ ವಾದ ಕಟ್ಟಿ, ಬಾಯಿಪಾಠ ಮಾಡಿಕೊಂಡು ಒಳಗೆ ಹೋದರು. ಕಿಟಕಿಯಿಲ್ಲದ ಕೋಣೆ, ಉದ್ದನೆಯ ಮೇಜು, ಗೋಡೆಯಲ್ಲೊಂದು ಗಡಿಯಾರ. ನ್ಯಾಯಾಧೀಶರ ಕುರ್ಚಿಯಲ್ಲಿ ಕನ್ನಡಕದ ಹೆಂಗಸೊಬ್ಬರು, ಮೂಲೆಯಲ್ಲಿ ಅಂಕ ಬರೆಯುವವನು. ಇವರು ಎದ್ದು ನಿಂತರು. ಆಗ ಎದುರು ಪಕ್ಷದ ವಕೀಲನಾಗಿ ಕೂತಿದ್ದವನು ಒಂದು ಹೊಸ ಕಾಗದದ ಕಟ್ಟನ್ನು ಮೇಜಿನ ಮೇಲೆ ಇವರ ಕಡೆಗೆ ಸರಿಸಿದ. “ನೋಟಿಸು ತಲುಪಿದ ದಾಖಲೆ. ಈಗಷ್ಟೇ ಸಿಕ್ತು.”

ಆರು ಹಾಳೆ. ಮೊದಲ ಹಾಳೆಯಲ್ಲೇ ಮುದುಕಿಯ ಹೆಸರು, ಕೆಳಗೆ ಸಹಿ. ಕಟ್ಟಿಕೊಂಡು ಬಂದ ವಾದವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು.

“ಮುಂದುವರಿಯೋಣ್ವಾ?” ಎಂದರು ನ್ಯಾಯಾಧೀಶರು.

ನಾಲಿಗೆಯ ತುದಿಗೆ ಅದೇ ಮಾತು ಬಂದು ನಿಂತಿತು. ಹಿಂದೆಯೇ ಕಿವಿಯಲ್ಲಿ ಸೌಟಿನ ಸದ್ದು. ಕೇಳಿದರೆ ಮೂರನೆಯ ಸಲವೂ ಅದೇ ತಪ್ಪು. ಕೇಳದಿದ್ದರೆ ಓದದ ಕಾಗದದ ಮೇಲೆ ವಾದ.

ಆಗ ನೆನಪಾಗಬಾರದ ಅಜ್ಜಿಯೊಬ್ಬಳು ನೆನಪಾದಳು. ಊರಿನ ಕೋರ್ಟಿನ ವರಾಂಡದಲ್ಲಿ, ಕೊನೆಯ ಬೆಂಚಿನ ಮೇಲೆ, ಬಟ್ಟೆಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದವಳು. ಅವಳ ಸ್ವಂತ ಮನೆ. ಅದನ್ನು ಬಿಡದೆ ಕೂತ ಬಾಡಿಗೆದಾರ ಇವರ ಕಕ್ಷಿದಾರ. ಹನ್ನೊಂದು ವರ್ಷ ಎಳೆದಿದ್ದರು. ಒಂದು ದಿನ ಅಡ್ಡ ನಿಂತು ಕೇಳಿದ್ದಳು, “ವಕೀಲಪ್ಪಾ, ನೀನಾದ್ರೂ ಹೇಳು, ನಾನು ನನ್ನ ಮನೇಲಿ ಮಲಗೋದು ಯಾವತ್ತು?” “ಮುಂದಿನ ವಾಯಿದೆಗೆ ಬಾ ಅಜ್ಜಿ, ನೋಡೋಣ” ಎಂದು ನಕ್ಕು ಇವರು ಹೊರಟುಹೋಗಿದ್ದರು. ಆ ವಾಯಿದೆಗಳಲ್ಲಿ ಒಂದನ್ನಾದರೂ ಕಾಗದ ಓದುವುದಕ್ಕೆಂದು ಕೇಳಿದ್ದುಂಟೇ? ಒಂದೂ ಇಲ್ಲ. ಆ ಮೂವರ ಎದುರು ನಿಂತು ಇವರಿಗೆ ನಾಚಿಕೆಯಾಯಿತು.

ಕೈ ಮುಗಿಯಲಿಲ್ಲ. ಎರಡೂ ಅಂಗೈಯನ್ನು ಮೇಜಿನ ಮೇಲೆ ಊರಿದರು.

“ಈ ಕಾಗದ ಈಗ ತಾನೇ ನನ್ನ ಕೈಗೆ ಬಂದಿದೆ. ಓದದೆ ಮಾತಾಡಿದ್ರೆ ನನ್ನ ಕಕ್ಷಿದಾರರಿಗೆ ಮೋಸ ಮಾಡ್ದಂಗೆ. ನನಗೆ ಸಮಯ ಬೇಕು.”

ಮೂಲೆಯವನ ಪೆನ್ನು ಸರಸರ ಓಡಿತು. ಹೋಯಿತು, ಎಲ್ಲ ಮುಗಿಯಿತು ಎಂದುಕೊಂಡರು.

“ಎಷ್ಟು?”

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಇವರನ್ನು ಕೇಳದಿದ್ದ ಪ್ರಶ್ನೆ ಅದು.

“ಹತ್ತು ನಿಮಿಷ.”

“ಆಗ್ಲಿ. ಹತ್ತು ನಿಮಿಷ.”

ಕೂತು ಓದಿದರು. ಎರಡನೆಯ ಹಾಳೆ, ಮೂರನೆಯದು, ನಾಲ್ಕನೆಯದು, ಏನೂ ಸಿಗಲಿಲ್ಲ. ಐದು ಮುಗಿಯುವಾಗ ಎಂಟು ನಿಮಿಷ ಕಳೆದಿತ್ತು. ಆರನೆಯದು ನೋಟಿಸು ತಲುಪಿಸಿದವನ ಚೀಟಿ: ತಾರೀಖು ಐದರಂದು, ಮನೆ ಬಾಗಿಲಲ್ಲಿ, ಖುದ್ದು ಅವರ ಕೈಗೇ ಕೊಟ್ಟಿದೆ. ಇವರು ತಮ್ಮ ಫೈಲನ್ನು ಬಿಚ್ಚಿ ಆಸ್ಪತ್ರೆಯ ಚೀಟಿ ಹುಡುಕಿದರು. ಅದೇ ತಿಂಗಳ ಮೂರರಿಂದ ಒಂಬತ್ತರವರೆಗೆ ಮುದುಕಿ ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು. ಹಾಗಾದರೆ ಬಾಗಿಲಲ್ಲಿ ನಿಂತು ಸಹಿ ಹಾಕಿದ್ದು ಯಾರು? ಎದ್ದು ಅದನ್ನೇ ಕೇಳಿದರು.

ಫಲಿತಾಂಶಕ್ಕೆ ಆರು ವಾರ. ಟೈಮ್ ಕೇಳಿದ ಸಂಗತಿಯನ್ನು ಹೆಂಡತಿಗೆ ಹೇಳುವ ಧೈರ್ಯ ಬರಲಿಲ್ಲ. ಶನಿವಾರ ಬೆಳಿಗ್ಗೆ ಲಕೋಟೆ ಬಂತು. ಒಡೆದವಳು ಅವಳೇ. ಪಾಸು! ಕೆಳಗೊಂದು ಸಾಲು: ಓದಲು ಸಮಯ ಕೇಳಿದ್ದು ಸರಿ; ಇದೇ ಫೈಲು ಸಿಕ್ಕ ಬೇರೆಯವರಲ್ಲಿ, ಸಮಯ ಕೇಳದ ಯಾರ ಕಣ್ಣಿಗೂ ಆ ತಾರೀಖು ಬೀಳಲಿಲ್ಲ.

“ಅಯ್ಯೋ ನಿಮ್ಮ! ಕೇಳೇಬಿಟ್ರಾ?” ಎಂದು ಅವಳು ಅಳುತ್ತಾ ನಗುತ್ತಾ ಸೌಟಿನಿಂದಲೇ ಭುಜಕ್ಕೊಂದು ಕೊಟ್ಟಳು.

ಇವರು ಮೊದಲು ಫೋನು ಮಾಡಿದ್ದು ಊರಿನ ಹಳೆಯ ಗುಮಾಸ್ತನಿಗೆ; ಇವರ ಕೇಸುಗಳನ್ನು ವಹಿಸಿಕೊಂಡ ವಕೀಲರ ಹತ್ತಿರ ಅವನು ಈಗಲೂ ಇದ್ದ. “ಆ ಅಜ್ಜಿ ಮನೆ ಕೇಸು ಇದೆಯಲ್ಲ, ನಾನು ಹೇಳ್ದೆ ಅಂತ ನಮ್ಮ ಕಕ್ಷಿದಾರನಿಗೆ ಹೇಳಯ್ಯ, ಮನೆ ಬಿಟ್ಟುಕೊಡ್ಲಿ. ಸಾಕು ಎಳೆದಿದ್ದು.”

“ಅಜ್ಜಿ ಹೋಗಿ ವರ್ಷ ಆಯ್ತಲ್ಲ ಸಾರ್!” ಗುಮಾಸ್ತ ಖುಷಿಯಿಂದಲೇ ಹೇಳಿದ. “ನೀವೇನೂ ಯೋಚ್ನೆ ಮಾಡ್ಬೇಡಿ. ವಾರಸುದಾರರನ್ನ ಸೇರಿಸ್ಬೇಕು ಅಂತ ಹೇಳಿ ಆಗ್ಲೇ ನಾಲ್ಕು ವಾಯಿದೆ ತಗೊಂಡಿದ್ದೀವಿ. ನೀವು ಹಾಕ್ಕೊಟ್ಟ ದಾರಿ ಸಾರ್, ಅಷ್ಟು ಬೇಗ ಮುಗಿಯುತ್ತಾ?”

ಇವರು ಫೋನು ಕೆಳಗಿಟ್ಟರು. ಹೆಂಡತಿ ಕಾಗದ ಹಿಡಿದುಕೊಂಡೇ ಹತ್ತಿರ ಬಂದಳು.

“ಏನಂತೆ?”

“ಅಜ್ಜಿ ಮುಂದಿನ ವಾಯಿದೆಗೆ ಬರಲ್ವಂತೆ ಕಣೇ” ಎಂದರು.