ವಿನೋದಿನಿ ಸಿಸ್ಟರ ಗಂಡನ ಸರದಿ

ಸತ್ತವರನ್ನು ಹೊಗಳುವುದರಲ್ಲಿ ಮುಂಬಯಿಯ ನಮ್ಮವರಷ್ಟು ಧಾರಾಳಿಗಳು ಬೇರೆ ಇಲ್ಲ. ಬದುಕಿದ್ದಾಗ ಮೆಟ್ಟಿಲು ಹತ್ತಿ ಬಂದು ನೋಡದವರು ಉತ್ತರಕ್ರಿಯೆಯ ದಿನ ಮೈಕ್ ಬಿಡುವುದಿಲ್ಲ. ವಿನೋದಿನಿ ಸಿಸ್ಟರ ಹದಿಮೂರನೆಯ ದಿನ, ಚೆಂಬೂರಿನ ಸಭಾಗೃಹದಲ್ಲಿ ಕನ್ನಡಿಗರ ಸಂಘದ ಕಾರ್ಯದರ್ಶಿ ಸದಾನಂದ ಮಾತಾಡಲು ಎದ್ದಾಗಲೇ ಮಗಳು ಸುಗಂಧಿಗೆ ಗೊತ್ತಾಯಿತು, ಈತ ಆ ಕತೆಯನ್ನು ಹೇಳಿಯೇ ಹೇಳುತ್ತಾನೆ ಎಂದು.

ಹೇಳಿದ. "ಆಸ್ಪತ್ರೆ ಸಿಬ್ಬಂದಿಯ ಮನೆಯವರನ್ನು ಹಿಂದಿನ ಬಾಗಿಲಿನಿಂದ ಡಾಕ್ಟರ ಹತ್ತಿರ ಬಿಡುವುದು ಎಲ್ಲಾ ಕಡೆಯ ರೂಢಿ. ಆದರೆ ನಮ್ಮ ವಿನೋದಿನಿ ಅಕ್ಕ ಸ್ವಂತ ಗಂಡನನ್ನೇ ಕೇಸ್ ಪೇಪರಿನ ಚೀಟಿ ಮಾಡಿಸುವ ಸಾಲಿನಲ್ಲಿ ನಿಲ್ಲಿಸಿದ ಮಹಾತಾಯಿ." ಸಭೆ ಚಪ್ಪಾಳೆ ತಟ್ಟಿತು.

ಹಾಗೆ ನಿಂತ ಗಂಡ ಮನೆಗೆ ವಾಪಸು ಬಂದನೋ ಇಲ್ಲವೋ, ಅದನ್ನು ಸದಾನಂದ ಹೇಳಲಿಲ್ಲ. ಸುಗಂಧಿಗೆ ಆಗ ಹನ್ನೊಂದು ವರ್ಷ. ಅಪ್ಪ ಅಣ್ಣು ಮಾಟುಂಗದ ಹೋಟೆಲಿನಲ್ಲಿ ದೋಸೆ ಹೊಯ್ಯುವವರು. ಬೆಳಗ್ಗಿನಿಂದ ಎದೆಯುರಿ ಎನ್ನುತ್ತಿದ್ದ ಅವರನ್ನು ಅವಳೇ ಅಮ್ಮ ನರ್ಸ್ ಆಗಿದ್ದ ಮುನಿಸಿಪಾಲಿಟಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಅಮ್ಮ ವಾರ್ಡಿನಿಂದ ಇಳಿದು ಬಂದಳು. "ಗ್ಯಾಸ್ ಆಗಿರಬೇಕು. ಎಲ್ಲರ ಹಾಗೆ ಸಾಲಿನಲ್ಲಿ ನಿಲ್ಲಿ. ನಾನೇ ನಿಮ್ಮನ್ನು ಒಳಗೆ ನುಗ್ಗಿಸಿದರೆ ಇವರಿಗೆಲ್ಲ ಎಂತ ಮುಖ ತೋರಿಸುವುದು?" ಎಂದು ಹೇಳಿ ಮತ್ತೆ ಮೇಲೆ ಹೋದಳು. ಮೇಲೆ ಯಾರದೋ ಮಗುವಿಗೆ ಸಲೈನ್ ಏರಿಸಬೇಕಿತ್ತು. ಮುಂದೆ ಇನ್ನೂ ನಾಲ್ಕಾರು ಜನ ಇದ್ದಾಗ ಅಪ್ಪ ಮಗಳ ಹೆಗಲು ಹಿಡಿದು ನೆಲಕ್ಕೆ ಕೂತರು. ಮತ್ತೆ ಏಳಲಿಲ್ಲ.

ಅದಾದ ಮೇಲೆ ವಿನೋದಿನಿ ನಲವತ್ತು ವರ್ಷ ಬಾಳಿದಳು. ರಾತ್ರಿಪಾಳಿಯ ಮೇಲೆ ರಾತ್ರಿಪಾಳಿ ಮಾಡಿ ಮಗಳನ್ನು ಓದಿಸಿ ಬ್ಯಾಂಕಿಗೆ ಸೇರಿಸಿದಳು. ತಾನು ತಂಗಳು ಗಂಜಿ ಕುಡಿದು ಮಗಳಿಗೆ ಬಂಗುಡೆ ಹುರಿದು ಹಾಕಿದಳು. ಅವರಿದ್ದ ಚಾಳಿನ ವಠಾರದಲ್ಲಿ ಯಾರಿಗೆ ಜ್ವರ ಬಂದರೂ, ಯಾರ ಸೊಸೆಗೆ ಹೆರಿಗೆ ನೋವು ಬಂದರೂ ಕರೆ ಬರುತ್ತಿದ್ದುದು ಅವಳಿಗೇ, ಹೋಗುತ್ತಲೂ ಇದ್ದಳು. ಇಲ್ಲವೆನ್ನಲು ಸುಗಂಧಿಯೇನು ಕೃತಘ್ನಳಲ್ಲ. ಆದರೆ ಅವಳಿಗೆ ಬೇಕಾಗಿದ್ದದ್ದು ಒಂದೇ ಮಾತು: ಅವತ್ತು ನಾನು ತಪ್ಪಿದೆ ಮಗಾ. ಅದು ಸಿಗಲಿಲ್ಲ. ಅಮ್ಮ ಹಾಸಿಗೆ ಹಿಡಿದಾಗ ಅವಳು ಅನ್ನ ಕಲಸಿ ತಿನ್ನಿಸಿದಳು, ಮಲಮೂತ್ರ ಬಳಿದಳು, ಮನಸ್ಸು ಮಾತ್ರ ಕೊಡಲಿಲ್ಲ. ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಹಟದಲ್ಲಿ ಇಬ್ಬರೂ ಒಂದೇ ಮಗ್ಗದವರು. ಕೊನೆಯ ವಾರ ತಡೆಯಲಾರದೆ ಕೇಳಿಯೇಬಿಟ್ಟಿದ್ದಳು, "ಅಪ್ಪನನ್ನು ಯಾಕಮ್ಮ ನಿಲ್ಲಿಸಿದ್ದು?" ಅಮ್ಮ ಗೋಡೆಯ ಕಡೆಗೆ ಹೊರಳಿ ಮಲಗಿದಳು.

"ಮಗಳು ಎರಡು ಮಾತಾಡಬೇಕು," ಎಂದ ಸದಾನಂದ.

ಸುಗಂಧಿ ಮೈಕಿನ ಮುಂದೆ ನಿಂತು, "ನನ್ನ ಅಪ್ಪ ಆ ಸಾಲಿನಲ್ಲೇ ಸತ್ತರು," ಎಂದಳು. ಅಷ್ಟೇ ಅಂದದ್ದು. ಸದಾನಂದ ಮೆಲ್ಲಗೆ ಮೈಕ್ ತೆಗೆದುಕೊಂಡು, "ನೋಡಿ, ಎಂಥ ತ್ಯಾಗ," ಎಂದ. ಈ ಸಲದ ಚಪ್ಪಾಳೆ ಮೊದಲಿಗಿಂತ ಜೋರಾಗಿತ್ತು. ಇಂಥವರ ಮುಂದೆ ಗೋಳು ಹೇಳಿಕೊಳ್ಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ.

ಊಟದ ಪಂಕ್ತಿಯಲ್ಲಿ ಅವಳು ಪಾಯಸ ಬಡಿಸುತ್ತ ಬಂದಾಗ ಗಂಗುಬಾಯಿ ಕೈ ಹಿಡಿದು ನಿಲ್ಲಿಸಿದಳು. ಅಮ್ಮನ ವಾರ್ಡಿನಲ್ಲೇ ಆಯಾ ಆಗಿದ್ದ ವಿಜಯಪುರದ ಹೆಂಗಸು, ಸುಗಂಧಿ ಮಾವಶಿ ಎಂದರೆ ಚಿಕ್ಕಮ್ಮ ಎಂದು ಕರೆಯುತ್ತಿದ್ದವಳು. ಪಕ್ಕದಲ್ಲಿ ಗಂಡ ಶೆಟ್ಟೆಪ್ಪ, ವಿಕ್ರೋಳಿಯ ಕಾರ್ಖಾನೆಯಿಂದ ರಿಟೈರ್ ಆದವನು.

"ಆ ಭಾಷಣದಾಂವಗೇನ ಗೊತ್ತವಾ," ಎಂದಳು ಗಂಗುಬಾಯಿ. "ನಿಮ್ಮಪ್ಪ ಹ್ವಾದ ಮ್ಯಾಲ ಸಿಸ್ಟರಬಾಯಿ ನಮ್ಮ ಸ್ಟಾಫ್ ಪೈಕಿ ಯಾರ್ನೂ ಲೈನ್ಯಾಗ ನಿಲ್ಲಿಸಿಲ್ಲ. ನಮ್ಮ ಮನಿಯವರಿಗೆ ಎದಿ ಹಿಡದಾಗ ತಾನ ಸ್ಟ್ರೆಚರ್ ದಬ್ಬಕೋತ ಹಿಂದಿನ ಬಾಗಲದಾಗಿಂದ ಓಡಿದ್ಲು. ಲೈನ್ಯಾಗಿನ ಮಂದಿ ಬೈಲಾಕ ಹತ್ತಿದ್ರು. ಬೈರಿ, ಒಮ್ಮೆ ತಪ್ಪು ಮಾಡೀನಿ, ಇನ್ನ ಮಾಡಂಗಿಲ್ಲ ಅಂದ್ಲು."

"ನನಗೆ ಯಾಕೆ ಹೇಳಲಿಲ್ಲ, ಮಾವಶಿ?"

"ನಿನ್ನ ಮಾರಿ ನೋಡಿದ್ರ ಆಕೀಗ ಬಾಯಿನ ಬರ್ತಿದ್ದಿಲ್ಲವಾ."

ನಲವತ್ತು ವರ್ಷ ಬಾಯಿ ತೆರೆದು ಕಾದವಳಿಗೆ ಸಿಗದ ಮಾತನ್ನು ಅಮ್ಮ ಸಾಲಿನಲ್ಲಿ ನಿಂತ ಗುರುತಿಲ್ಲದ ಜನಕ್ಕೆ ಹೇಳಿಬಿಟ್ಟಿದ್ದಳು.

ಶೆಟ್ಟೆಪ್ಪ ಎಲೆಯನ್ನು ಮುಂದಕ್ಕೆ ಸರಿಸಿ, "ಇನ್ನಷ್ಟ ಹಾಕವಾ, ಚಲೋ ಆಗೈತಿ," ಎಂದ. ಮುದುಕನ ಮುಖದಲ್ಲಿ ಕಳೆ ಇತ್ತು, ಬಾಯಲ್ಲಿ ಹಲ್ಲೂ ಇದ್ದವು. ಅವನ ಮೇಲೆ ಅವಳಿಗೆ ಉಕ್ಕಿದ್ದು ಸಿಟ್ಟು, ಬರೀ ಸಿಟ್ಟು. ಅಮ್ಮ ಬೇಡಿದ ಕ್ಷಮೆ ಈ ಮುದುಕನಾಗಿ ಇಲ್ಲಿ ಕೂತು ಅಪ್ಪನ ಪಾಲಿನ ವಯಸ್ಸನ್ನು ಉಣ್ಣುತ್ತಿತ್ತು. ಅವಳು ಸೌಟು ತುಂಬಾ ಪಾಯಸ ತೆಗೆದು ಅವನ ಎಲೆಗೆ ಬಡಿಸಿದಳು.