ಮೊಳ ಕಡಿಮೆಯ ಸೀರೆ

ಮೊನ್ನೆ ಟ್ರಂಕು ತೆರೆದಾಗ ಹಳೆಯ ಇಳಕಲ್ ಸೀರೆಯಿಂದ ಗಂಜಿಯ ಹುಳಿ ವಾಸನೆ ಬಂತು. ಅದರ ಬೆನ್ನಿಗೇ ಹಿನ್ನೀರಿನಲ್ಲಿ ಮುಳುಗಿದ ಬಾಗಲಕೋಟೆಯ ನಮ್ಮ ಮನೆ, ನಡುಮನೆಯ ಕುಣಿಮಗ್ಗ, ಅದರೊಳಗೆ ಕಾಲು ಇಳಿಬಿಟ್ಟು ಕೂತ ಆಯಿ, ಅಂದರೆ ಅಪ್ಪನ ತಾಯಿ, ಎಲ್ಲವೂ ಬಂದವು. ಊರಿನ ಚರಿತ್ರೆಯನ್ನು ಆಕೆ ಲಾಳಿ ಎಸೆಯುತ್ತಲೇ ಹೇಳುತ್ತಿದ್ದಳು: ಮೊದಲು ಹೊಳೆದಂಡೆಯಲ್ಲಿ ನಾಲ್ಕು ಗುಡಿಸಲು, ಆಮೇಲೆ ವಾರದ ಸಂತೆ, ಸಂತೆಗೆ ಬಂದ ವ್ಯಾಪಾರಸ್ಥರು ಅಲ್ಲೇ ಮನೆ ಕಟ್ಟಿದರು, ಅವರ ಹಿಂದೆ ನೇಕಾರರು. ನಮ್ಮ ಮುತ್ತಜ್ಜ ಇಳಕಲ್ಲಿನಿಂದ ಚಕ್ಕಡಿಯಲ್ಲಿ ಮಗ್ಗ ತಂದಾಗ ಅದರ ಬಾಚಣಿಗೆಯಂಥ ಹಣಿಗೆಯಲ್ಲಿ ಪೋಣಿಸಿದ ಹಳೆಯ ಎಳೆಗಳು ಹಾಗೇ ಇದ್ದವಂತೆ. ಸೀರೆ ಇಳಿಸಿದ ಮೇಲೂ ಮಗ್ಗದಲ್ಲಿ ಉಳಿದ ಎಳೆಗಳನ್ನು ನಮ್ಮಲ್ಲಿ ತೆಗೆಯುವುದಿಲ್ಲ. ಹೊಸ ಹಾಸಿನ, ಅಂದರೆ ಉದ್ದನೂಲಿನ, ಒಂದೊಂದು ಎಳೆಯನ್ನೂ ಅವಕ್ಕೇ ಗಂಟು ಹಾಕುತ್ತೇವೆ. ಹೀಗಾಗಿ ಆ ಮಗ್ಗ ಎಂದೂ ಬರಿದಾಗಿಲ್ಲ ಎಂಬುದು ಆಯಿಯ ಹೆಮ್ಮೆ.

ಹಿನ್ನೀರು ಬರುತ್ತದೆ ಎಂದು ಊರು ಖಾಲಿಯಾಗತೊಡಗಿದಾಗ ಆಯಿ ಹಠ ಹಿಡಿದಳು. "ಹಾಸ ಇದ್ದಂಗ ಮಗ್ಗ ಬರಬೇಕು. ಇಲ್ಲಾಂದ್ರ ನಾ ಬರೂದಿಲ್ಲ." ಅಪ್ಪ ಹೂಂ ಅಂದ. ಆಗ ನನಗೆ ಹತ್ತು ವರ್ಷ. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ, ದೊಡ್ಡವರಿಗೆ ನೆರವಾಗಲೆಂದು, ಮಗ್ಗದ ಎಳೆಗಳನ್ನೆಲ್ಲ ಕತ್ತರಿಸಿ ತೆಗೆದು ಒಲೆಗೆ ಹಾಕಿ ಹಣಿಗೆಯನ್ನು ಚೊಕ್ಕ ಮಾಡಿಟ್ಟೆ. ಭೇಷ್ ಅನ್ನುತ್ತಾರೆ ಅಂದುಕೊಂಡಿದ್ದೆ! ಅವ್ವ ನೋಡಿ ಹಣೆ ಬಡಿದುಕೊಂಡಾಗ ತಿಳಿಯಿತು. ಇನ್ನು ಆಯಿ ಈ ಮನೆಯಲ್ಲೇ ಕೂತು ಮುಳುಗುತ್ತಾಳೆ, ಅದೂ ನನ್ನಿಂದಲೇ ಎಂದು ಜೋಳದ ಚೀಲಗಳ ಹಿಂದೆ ಅಡಗಿ ಗಳಗಳನೆ ಅತ್ತೆ.

ಆಯಿ ಬಂದು ಬರಿದಾದ ಹಣಿಗೆಯ ಮೇಲೆ ಕೈಯಾಡಿಸಿದಳು. ಆಮೇಲೆ ಚೀಲಗಳ ಹಿಂದಿನಿಂದ ನನ್ನನ್ನು ಹೊರಗೆಳೆದಳು.

"ಕತ್ತರಿ ಹರಿತ ಐತೇನಂತ ನೋಡಾಕ ನನ್ನ ಹಾಸ ಬೇಕಾಗಿತ್ತೇನ ನಿನಗ?"

"ತಪ್ಪಾತು ಆಯಿ. ನೀ ಬರ್ತಿಯೋ ಇಲ್ಲೋ?"

ಆಕೆ ಟ್ರಂಕಿನಿಂದ ತನ್ನ ಮದುವೆಯ ಸೀರೆ ತೆಗೆದಳು. ಅದೇ ಮಗ್ಗದಲ್ಲಿ ಆಕೆಯ ಮಾವ ನೇಯ್ದದ್ದು. ಒಳತುದಿಯಿಂದ ಅಡ್ಡನೂಲನ್ನು ಬಿಚ್ಚುತ್ತ ಹೋದಳು. ಮೊಳದಷ್ಟು ಬಿಚ್ಚುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಉದ್ದನೆಯ ಎಳೆಗಳಷ್ಟೇ ಸಾಲಾಗಿ ಉಳಿದವು. ಕತ್ತರಿಯನ್ನು ನನ್ನ ಕೈಗೇ ಕೊಟ್ಟಳು. "ಈಗ ಕತ್ತರಸ. ಇವೂ ಅದ ಮಗ್ಗದ ಎಳಿ. ಅಲ್ಲಿ ಹೋಗಿ ಹಣಿಗ್ಯಾಗ ತುಂಬಿ ಗಂಟ ಹಾಕೂಣು. ಮೂಗ ಒರಸ್ಕೊ, ಬರ್ತೇನಿ." ಆ ಒಂದು 'ಬರ್ತೇನಿ' ಕೇಳಿದ್ದೇ ಮೂಗು ಒರೆಸಿಕೊಂಡು ಎಳೆಗಳನ್ನು ಕತ್ತರಿಸಿದೆ. ಊರು ಬಿಟ್ಟವರಿಗೆಂದು ಕಟ್ಟಿದ ನವನಗರದ ಹೊಸ ಮನೆಯಲ್ಲಿ ಆಕೆಗೆ ಒಂದೊಂದೇ ಎಳೆ ಎತ್ತಿಕೊಟ್ಟವಳು ನಾನೇ.

ಆಯಿ ಹೋಗಿ ಎಷ್ಟೋ ವರ್ಷಗಳಾದವು. ಮಗ್ಗ ಬಂದ ಹಾದಿಯಲ್ಲೇ ಇಳಕಲ್ಲಿಗೆ ಮರಳಿತು. ಚಿಕ್ಕಪ್ಪನ ಮಗ ಅದರಲ್ಲಿ ಈಗಲೂ ನೇಯುತ್ತಾನೆ. ನಮ್ಮ ಓಣಿ ಮುಳುಗಿದ ನೀರಿನ ದಂಡೆಗೆ ಭಾನುವಾರ ಕಾರು ಕಟ್ಟಿಕೊಂಡು ಜನ ಬರುತ್ತಾರೆ, ಮಿರ್ಚಿ ಭಜಿ ತಿನ್ನುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮೂರಿಗೂ ಸಮುದ್ರ ಬಂದಂತಾಗಿದೆ. ಮೊದಮೊದಲು ಸಿಟ್ಟು ಬರುತ್ತಿತ್ತು, ಈಗಿಲ್ಲ. ಆಯಿಯ ಕಥೆಯೂ ಹೊಳೆದಂಡೆಗೆ ಜನ ಬಂದದ್ದರಿಂದಲೇ ಶುರುವಾಗುತ್ತಿತ್ತಲ್ಲ. ಮೊನ್ನೆ ಸಂಜೆ ಟ್ರಂಕಿನಲ್ಲಿದ್ದ ಆಯಿಯ ಆ ಸೀರೆಯನ್ನೇ ಉಟ್ಟು ಮಗಳ ಜೊತೆ ಅಲ್ಲಿಗೆ ಹೋದೆ. ಗಾಳಿಗೆ ಸೆರಗು ನಿಲ್ಲಲೊಲ್ಲದು.

"ಯವ್ವಾ, ಸೀರಿ ಗಿಡ್ಡ ಐತಲ್ಲ," ಎಂದಳು ಮಗಳು.

"ಮೊಳ ಕಡಿಮಿ ಐತಿ," ಎಂದೆ, ನೀರು ನೋಡುತ್ತ. "ಅದಕ್ಕ ಆಯಿ ಈ ನೀರಾಗ ಉಳೀಲಿಲ್ಲವ್ವ."